ಅಂಗಾಲು ನೋಡುವ ಹೊತ್ತು

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಒಂದು ಕೆಲಸ ತಪ್ಪುವುದಿಲ್ಲ. ನಾನು ಕುರ್ಚಿಯಲ್ಲಿ ಕೂತು ಎದುರಿನ ಸ್ಟೂಲಿನ ಮೇಲೆ ಕಾಲು ಚಾಚುತ್ತೇನೆ. ಮನೆಯವರು ಕನ್ನಡಕ ಹಾಕಿಕೊಂಡು ಮೊದಲು ಬಲಗಾಲು, ಆಮೇಲೆ ಎಡಗಾಲು, ಬೆರಳ ಸಂದಿಯನ್ನೂ ಬಿಡದೆ ನೋಡುತ್ತಾರೆ. ಅವರು ಊರಲ್ಲಿಲ್ಲದ ದಿನ ನಾನೇ ಕೈಗನ್ನಡಿ ಹಿಡಿದು ನೋಡಿಕೊಳ್ಳುತ್ತೇನೆ. ಇದಕ್ಕೆಲ್ಲ ಮೂಲ ಯೋಗದ ಕ್ಲಾಸು ಎಂದರೆ ಕೇಳಿದವರು ನಗುತ್ತಾರೆ.

ವಿದ್ಯಾಗಿರಿಯಲ್ಲಿ ನಮ್ಮ ಓಣಿಯ ಕೊನೆಯ ಮನೆಯ ಮಾಳಿಗೆಯ ಮೇಲೆ ಬೆಳಿಗ್ಗೆ ಆರಕ್ಕೆ ಕ್ಲಾಸು. ಹತ್ತು ಹನ್ನೆರಡು ಹೆಂಗಸರು. ಕಲಿಸುವ ಹುಡುಗಿ ನನ್ನ ಮಗಳ ವಾರಿಗೆಯವಳು, ಆದರೂ ನಾವೆಲ್ಲ ಮೇಡಂ ಅನ್ನುತ್ತಿದ್ದೆವು. ಕೊನೆಯ ಹತ್ತು ನಿಮಿಷ ಕಣ್ಣು ಮುಚ್ಚಿಸಿ, ಅಂಗಾಲಿನಿಂದ ನೆತ್ತಿಯ ತನಕ ಒಂದೊಂದೇ ಅಂಗವನ್ನು ಗಮನಿಸಿ ಅದಕ್ಕೆ ಕೃತಜ್ಞತೆ ಹೇಳಿಸುತ್ತಿದ್ದಳು. ಮನೆಗೆ ಹೋಗಿ ಆ ದಿನದ ಮೂರು ಸಮಾಧಾನಗಳನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕಿತ್ತು.

"ಕಾಲಿನ ಕೆಳಗ ನೆಲ ಹೆಂಗೈತಿ ನೋಡ್ರಿ. ತಂಪೈತೋ, ಬೆಚ್ಚಗೈತೋ," ಅನ್ನುತ್ತಿದ್ದಳು.

ನನಗೆ ತಂಪೂ ಇಲ್ಲ, ಬಿಸಿಯೂ ಇಲ್ಲ. ಪಾದದೊಳಗೆ ಹತ್ತಿ ತುಂಬಿದಂತೆ. ಸಕ್ಕರೆ ಕಾಯಿಲೆ ಬಂದು ಒಂಬತ್ತು ವರ್ಷವಾಗಿತ್ತು. ಗುಳಿಗೆ ನುಂಗುತ್ತಿದ್ದೆ, ಅಷ್ಟಕ್ಕೆ ಮುಗಿಯಿತು ಅಂದುಕೊಂಡಿದ್ದೆ. ಧ್ಯಾನ ಗಟ್ಟಿಯಾದರೆ ದೇಹ ಮರೆತುಹೋಗುತ್ತದೆ ಎಂದು ಮೇಡಂ ಒಂದು ದಿನ ಹೇಳಿದ್ದೇ ನನಗೆ ಸಾಕಾಯಿತು. ಉಳಿದವರಿಗಿಂತ ನಾನು ಮುಂದೆ ಹೋಗಿದ್ದೇನೆ ಎಂದು ತಿಳಿದೆ.

ಹಾಗೆ ತಿಳಿಯಲು ಇನ್ನೊಂದು ಕಾರಣವೂ ಇತ್ತು. ಕ್ಲಾಸು ಸೇರುವ ಹಿಂದಿನ ವರ್ಷ ಇಳಕಲ್ಲಿನಲ್ಲಿ ಅವ್ವ ತೀರಿಕೊಂಡಿದ್ದಳು. ಫೋನು ಬಂದಾಗ ರೊಟ್ಟಿ ಬಡಿಯುತ್ತಿದ್ದೆ. ಹಂಚಿನ ಮೇಲಿದ್ದುದನ್ನು ತಿರುವಿ ಹಾಕಿ, ಬೇಯಿಸಿ, ಒಲೆ ಆರಿಸಿ ಬಸ್ಸು ಹತ್ತಿದೆ. ಬಸ್ಸು ಅಮೀನಗಡದಲ್ಲಿ ನಿಂತಿತು. ನಮ್ಮಲ್ಲಿಗೆ ಬರುವಾಗಲೆಲ್ಲ ಅವ್ವ ಕರದಂಟು ಕಟ್ಟಿಸಿಕೊಳ್ಳುತ್ತಿದ್ದ ಅಂಗಡಿ ಕಿಟಕಿಗೆ ನೇರ ಕಂಡಿತು. ನೋಡಿದೆ. ಬಸ್ಸು ಹೊರಟಿತು. ಮಣ್ಣಿಗೆ ಬಂದವರಿಗೆಲ್ಲ ನಾನೇ ಚಹಾ ಕೊಟ್ಟೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಹಬ್ಬ ಬಂದರೂ ಅಷ್ಟೇ, ಹೋದರೂ ಅಷ್ಟೇ. ಬಂದದ್ದನ್ನೆಲ್ಲ ಒಂದೇ ಸಮ ಕಾಣುವುದೇ ತೃಪ್ತಿ ಎಂದು ಕ್ಲಾಸಿನಲ್ಲಿ ಕೇಳಿದಾಗ, ನನ್ನೊಳಗೆ ಇರುವುದು ಅದೇ ಎಂದು ಅದಕ್ಕೆ ಹೆಸರಿಟ್ಟೆ. ನೋಟ್‌ಬುಕ್ಕಿನ ಮೂರೂ ಸಾಲಿಗೆ "ಮನಸ್ಸು ಶಾಂತ" ಎಂದು ಬರೆಯುತ್ತಿದ್ದೆ.

ಹೋದ ಬೇಸಿಗೆಯಲ್ಲಿ ಕ್ಲಾಸಿನವರೆಲ್ಲ ಕ್ರೂಸರ್ ಗಾಡಿ ಬಾಡಿಗೆಗೆ ಮಾಡಿಕೊಂಡು, ಬಾದಾಮಿ ನೋಡಿ, ಶಿವಯೋಗ ಮಂದಿರಕ್ಕೆ ಹೋದೆವು. ಮುಟ್ಟಿದಾಗ ಮಧ್ಯಾಹ್ನ ಒಂದೂವರೆ. ಚಪ್ಪಲಿ ಗಾಡಿಯಲ್ಲೇ ಬಿಟ್ಟಿದ್ದೆವು. ಹಾಸುಗಲ್ಲು ಹಂಚಿನ ಹಾಗೆ ಕಾದಿತ್ತಂತೆ. ಎಲ್ಲರೂ ಸೀರೆ ಎತ್ತಿ ಹಿಡಿದು ನೆರಳಿನಿಂದ ನೆರಳಿಗೆ ಜಿಗಿದರು. ನಾನು ನನ್ನ ಪಾಡಿಗೆ ನಡೆದೆ.

ನನ್ನ ಜೊತೆಗೇ ಕ್ಲಾಸಿಗೆ ಬರುವ ಪಕ್ಕದ ಮನೆಯ ಭಾಬಿ ಗಿಡದ ಬುಡದಲ್ಲಿ ನಿಂತು ಕೂಗಿದಳು: "ಯಕ್ಕಾ, ನಿಮ್ಮವು ಕಾಲೋ, ಎಮ್ಮಿ ಗೊರಸೋ? ಇಲ್ಲಿ ನನ್ನ ಬೆರಳು ಭಜಿ ಆಗಾಕತ್ತಾವ!"

"ನಗಬ್ಯಾಡ್ರಿ," ಅಂದಳು ಮೇಡಂ. "ಇದಕ್ಕ ನೋಡ್ರಿ ಸಾಧನಾ ಅನ್ನೂದು."

ಒಬ್ಬಾಕೆ ನನ್ನ ಕಾಲು ಮುಟ್ಟಲು ಬಗ್ಗಿದಳು. ಬೇಡವೆಂದೆ. ಆದರೆ ಬಹಳ ದಿನಗಳ ಮೇಲೆ ಒಳಗೆ ಏನೋ ಒಂದಿಷ್ಟು ಅಲುಗಿದ್ದು ಆಗಲೇ. ಅದಕ್ಕಾಗಿ ಅವರ ಕಣ್ಣೆದುರು ಇನ್ನೊಂದು ಸುತ್ತು ನಿಧಾನವಾಗಿ ನಡೆದೆ.

ಮೂರನೆಯ ದಿನ ಬೆಳಿಗ್ಗೆ ಮನೆಯವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಏನು ಚೆಲ್ಲೀದಿ ಇದು? ಬಚ್ಚಲದಿಂದ ಇಲ್ಲೀತನ ಕಲಿ ಬಿದ್ದಾವು," ಅಂದರು. ಕಲೆಗಳು ನನ್ನ ಹೆಜ್ಜೆಯ ಅಳತೆಗೇ ಇದ್ದವು. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗುಳ್ಳೆ ಒಡೆದು ಸೋರುತ್ತಿತ್ತು.

"ಉರೀಲಿಲ್ಲೇನು?"

"ಇಲ್ರಿ."

"ಒಂದೀಟರ?"

"ಇಲ್ಲಂದ್ನೆಲ್ರಿ."

ಅವರು ಕೂಡಲೆ ಸ್ಕೂಟರ್ ತೆಗೆದರು.

ದವಾಖಾನೆಯಲ್ಲಿ ಡಾಕ್ಟರು ಗಾಯ ತೊಳೆದು, ಒಂದು ಹಿಡಿಕೆಗೆ ಸಿಗಿಸಿದ್ದ ತೆಳ್ಳನೆ ನೈಲಾನ್ ಎಳೆ ತೆಗೆದರು. "ಕಣ್ಣು ಮುಚ್ಕೋರಿ. ಇದು ಕಾಲಿಗೆ ತಾಗಿದ್ದು ಗೊತ್ತಾದಾಗ ಹೂಂ ಅನ್ರಿ."

ಕಣ್ಣು ಮುಚ್ಚಿದೆ, ಕ್ಲಾಸಿನಲ್ಲಿ ಮುಚ್ಚುವ ಹಾಗೆಯೇ. ಬಹಳ ಹೊತ್ತು ಏನೂ ಇಲ್ಲ. ಸುಮ್ಮನಿರುವುದು ಸರಿಯಲ್ಲವೆನ್ನಿಸಿ ಒಂದು ಸಲ "ಹೂಂ" ಅಂದೆ. ಉಸಿರು ಬಿಟ್ಟಾಗ ಮತ್ತೊಂದು ಸಲ. ಮತ್ತೊಂದು ಸಲ.

"ತಾಯಿ, ನಾ ಆಗಲೇ ಎಳಿ ಕೆಳಗಿಟ್ಟೇನಿ," ಅಂದರು ಡಾಕ್ಟರು.

ಕಣ್ಣು ತೆರೆದೆ. ಎಳೆ ಮೇಜಿನ ಮೇಲಿತ್ತು. ನರಗಳು ಸತ್ತಿವೆ, ಗಾಯ ಮಾಯಬೇಕು, ಮಾಯದಿದ್ದರೆ ಬೆರಳು ತೆಗೆಯಬೇಕಾದೀತು ಎಂದು ಅವರು ಹೇಳುತ್ತಿದ್ದರು. ನಾನು ಆ ಎಳೆಯನ್ನೇ ನೋಡುತ್ತಿದ್ದೆ. ಇಳಕಲ್ಲಿನಲ್ಲಿ ಸೀರೆ ನೇಯುವಾಗ ಮಗ್ಗದ ಹಾಸಿನ ಮೇಲೆ ಅಂಗೈ ಸವರಿ, ಕಣ್ಣು ಬೇರೆಲ್ಲೋ ಇದ್ದರೂ, ಅವ್ವ ಹರಿದ ಎಳೆಯನ್ನು ಹುಡುಕಿಬಿಡುತ್ತಿದ್ದಳು. ಆಗಲೂ ಅಳು ಬರಲಿಲ್ಲ. ಆದರೆ ಅದನ್ನು ಶಾಂತಿ ಅನ್ನಲು ನಾಲಿಗೆ ಏಳಲಿಲ್ಲ.

ಬಲಗಾಲು ಊರಬಾರದೆಂದು ತಿಂಗಳುಗಟ್ಟಲೆ ಮನೆಯಲ್ಲೇ ಕೂತೆ. ರೊಟ್ಟಿ ಭಾಬಿಯ ಮನೆಯಿಂದ ಬರುತ್ತಿತ್ತು. "ಗೊರಸು ಹೆಂಗೈತ್ರೀ?" ಅನ್ನುತ್ತಲೇ ಒಳಗೆ ಬರುತ್ತಿದ್ದಳು. ಒಂದು ದಿನ ಮಾತ್ರ ನಗದೆ, "ಅವತ್ತ ನಾ ನಗಬಾರದಿತ್ತು ಯಕ್ಕಾ, ಬಂದು ಹಿಡ್ಕೋಬೇಕಿತ್ತು," ಅಂದಳು. ನೋಟ್‌ಬುಕ್ಕಿನ ಸಾಲುಗಳೂ ಬದಲಾದವು. ಗಾಯ ಹುಣಸೆ ಬೀಜದಷ್ಟು. ಸಂದಿ ಒಣಗಿದೆ. ಹಿಮ್ಮಡ ಸೀಳಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಗಾಯ ತೊಗರಿ ಬೇಳೆಯಷ್ಟಾಯಿತು. ಆಮೇಲೆ ಬಹಳ ದಿನ ಅಷ್ಟಕ್ಕೇ ನಿಂತಿತು. ಅಷ್ಟಕ್ಕೇ ಇದೆ ಎಂದು ದಿನಾ ಬರೆದೆ.

ನಡುವೆ ಒಂದು ದಿನ ಮೇಡಂ ನೋಡಲು ಬಂದಳು. "ನನಗ ಕಾಲು ಗೊತ್ತಾಗೂದಿಲ್ರಿ. ಅವತ್ತೂ ಗೊತ್ತಾಗಿರಲಿಲ್ಲ. ನೀವು ಹೊಗಳೀದ್ರಿ, ನಾ ಇನ್ನೊಂದು ಸುತ್ತು ನಡದೆ," ಅಂದೆ. ಆಕೆ ಚಹಾದ ಬಟ್ಟಲು ಕೆಳಗಿಟ್ಟು ಬಗ್ಗಿ ನನ್ನ ಕಾಲಿನ ಪಟ್ಟಿ ನೋಡಿದಳು. ಹೋಗುವಾಗ, "ಮತ್ತ ಬರ್ರಿ. ಕುರ್ಚಿ ಹಾಕ್ತೇನಿ. ನೀವು ಮಾತ್ರ ಕಣ್ಣು ತೆರದು, ಕಾಲು ನೋಡಿ ನಮಸ್ಕಾರ ಹೇಳ್ರಿ," ಅಂದಳು.

ದಸರೆ ಹತ್ತಿರ ಬಂದಾಗ ಒಂದು ಸಂಜೆ ಮನೆಯವರು ಹೆಬ್ಬೆರಳ ಬುಡವನ್ನು ದೀಪದ ಕಡೆ ತಿರುಗಿಸಿ ಬಹಳ ಹೊತ್ತು ನೋಡಿದರು. "ಮಾಯೇತಿ ನೋಡು," ಅಂದರು. ಆಮೇಲೆ ಅಲ್ಲೇ ಹತ್ತಿರ ಬೆರಳಿಟ್ಟು ಮೆಲ್ಲಗೆ ಒತ್ತಿದರು.

"ಏನರ ಗೊತ್ತಾತೇನು?"

"ಇಲ್ರಿ."

"ಇರಲಿ ತಗೋ. ನನಗ ಗೊತ್ತಾಕ್ಕೈತೆಲ್ಲ. ಬೆಚ್ಚಗೈತಿ."

ಆ ದಿನ ನೋಟ್‌ಬುಕ್ಕಿನಲ್ಲಿ ಬರೆದೆ: ಗಾಯ ಮಾಯಿತು. ಬೆರಳು ಉಳಿಯಿತು. ಕಾಲು ಬೆಚ್ಚಗಿದೆಯಂತೆ, ಅವರು ಹೇಳಿದರು.