ಗುಂಡಿಲ್ಲದ ಕಾವಲು

ಬೀದಿಯವರೆಲ್ಲ ಅವನನ್ನು ಜೋಡುನಳಿಗೆ ಎಂದೇ ಕರೆಯುತ್ತಿದ್ದರು. ಹೆಗಲಿಗೆ ಸದಾ ತೂಗುತ್ತಿದ್ದ ಎರಡು ನಳಿಗೆಯ ಕೋವಿಯಿಂದ ಆ ಹೆಸರು ಬಂತೆಂದು ಹೊಸಬರು ತಿಳಿದಿದ್ದರು. ಹಳಬರಿಗೆ ನಿಜ ಗೊತ್ತಿತ್ತು. ಕೋವಿ ಕೈಗೆ ಬರುವ ಮೊದಲೇ, ಅವನ ಉದ್ದನೆಯ ಒಣಕಲು ಕಾಲುಗಳನ್ನು ನೋಡಿ ಮರದ ಡಿಪೋದ ಗೆಳೆಯರು ಇಟ್ಟ ಹೆಸರು ಅದು. ಕೋವಿ ಆಮೇಲೆ ಬಂದು ಹೆಸರಿಗೆ ಮೊಹರು ಒತ್ತಿತು, ಅಷ್ಟೆ.

ಡಿಪೋದಲ್ಲಿ ಕಾವಲಿಗಿದ್ದಾಗ, ಕಣ್ಣು ಮಂಜಾದ ಒಬ್ಬ ಮುದಿ ಬೇಟೆಗಾರ ಅದನ್ನು ಅವನಿಗೆ ಮಾರಿದ್ದ. ಲೈಸೆನ್ಸಿಗಾಗಿ ಅಲೆದು ಅಲೆದು ಜೋಡುನಳಿಗೆಯ ಚಪ್ಪಲಿ ಸವೆದಿತ್ತು. ಆದರೆ ಸ್ವಂತ ಕೋವಿ ಇರುವ ಕಾವಲುಗಾರನಿಗೆ ಬೇಡಿಕೆಯೇ ಬೇರೆ. ಡಿಪೋ ಬಿಟ್ಟವನು ನೇರವಾಗಿ ಚಿನ್ನದಂಗಡಿಯ ಬಾಗಿಲಿಗೆ ಬಂದು ನಿಂತ. ಹೆಂಡತಿ ಮಾತ್ರ ಆ ಕೋವಿಯನ್ನು ಸವತಿ ಎನ್ನುತ್ತಿದ್ದಳು. "ನನ್ನ ತಲೆಗೆ ಎಣ್ಣೆ ಇಲ್ದಿದ್ರೂ ನಡೆಯುತ್ತೆ, ಅವಳಿಗೆ ಮಾತ್ರ ವಾರ ತಪ್ಪಬಾರದು" ಎಂದು ಅವನು ನಳಿಗೆಗೆ ಎಣ್ಣೆ ಹಾಕಿ ಒರೆಸುವಾಗಲೆಲ್ಲ ಕುಟುಕುತ್ತಿದ್ದಳು.

ಅಷ್ಟು ವರ್ಷಗಳಲ್ಲಿ ಅವನು ಮನುಷ್ಯರ ಮೇಲೆ ಒಂದು ಗುಂಡೂ ಹಾರಿಸಿರಲಿಲ್ಲ. ಅದೇ ಅವನ ಹೆಮ್ಮೆ. "ಇದು ಬೊಗಳದ ನಾಯಿ. ಹಲ್ಲಿದೆ ಅಂತ ಎಲ್ಲರಿಗೂ ಗೊತ್ತು, ಅಷ್ಟು ಸಾಕು" ಎನ್ನುತ್ತಿದ್ದ.

ಅರವತ್ತರ ಹತ್ತಿರ ಬಂದಾಗ ಅಂಗಡಿಯ ಯಜಮಾನರು ಇಲ್ಲಿನ ವ್ಯಾಪಾರ ಮುಚ್ಚಿ ಗಡಿಯಾಚೆಯ ದೇಶದಲ್ಲಿ ಹೊಸ ಅಂಗಡಿ ತೆರೆಯುವುದಾಗಿ ಹೇಳಿದರು. "ನೀನೂ ಬಂದುಬಿಡು, ಕೋವಿ ಸಮೇತ. ಅಲ್ಲಿ ನಂಬಿಕೆಯ ಜನ ಸಿಗೋದು ಕಷ್ಟ" ಎಂದರು. ಹಣ್ಣೆಲೆಯನ್ನು ಕರೆದು ಕೆಲಸ ಕೊಡುವವರು ಊರಿನಲ್ಲಿ ಇನ್ನಾರಿದ್ದರು? ಅವನು ಒಪ್ಪಿಕೊಂಡ. ಹೆಂಡತಿ ತನ್ನ ತಂಗಿಯ ಮನೆಯಲ್ಲಿ ಉಳಿದಳು.

ಕೋವಿಯನ್ನು ಬಿಚ್ಚಿ, ನಳಿಗೆ ಒಂದು ಕಡೆ ಹಿಡಿ ಒಂದು ಕಡೆ ಮಾಡಿ, ಕ್ಯಾನ್ವಾಸ್ ಚೀಲದಲ್ಲಿಟ್ಟು ಬೀಗ ಹಾಕಿ, ಕಾಲ ನಡುವೆ ನಿಲ್ಲಿಸಿಕೊಂಡು ಅವನು ಬಸ್ಸಿನಲ್ಲಿ ಕೂತ. ತೋಟೆಗಳು, ಅಂದರೆ ಕೋವಿಗೆ ತುಂಬುವ ಗುಂಡುಗಳು, ಬೇರೆ ಡಬ್ಬಿಯಲ್ಲಿದ್ದವು. ಪಕ್ಕದಲ್ಲಿ ಕೂತಿದ್ದ ಹೆಂಗಸು ಚೀಲವನ್ನೇ ನೋಡಿ ನೋಡಿ ಕೊನೆಗೆ ಕೇಳಿಯೇಬಿಟ್ಟಳು.

"ಯಾವ ವಾದ್ಯ ಅದು?"

"ಇದರಲ್ಲಿ ಎರಡೇ ಸ್ವರ ಬರೋದು ತಾಯಿ" ಎಂದ.

ಅವಳು ತಲೆಯಾಡಿಸಿ, ತನ್ನ ಸೋದರಳಿಯನೂ ಏನೋ ಊದುತ್ತಾನೆಂದು ಹೇಳಿದಳು. ಗಡಿ ಬರುವವರೆಗೂ ಜೋಡುನಳಿಗೆ ಅದನ್ನೇ ನೆನೆದು ಒಳಗೊಳಗೆ ನಗುತ್ತಿದ್ದ. ಆ ಪ್ರಯಾಣದಲ್ಲಿ ಅವನು ನಕ್ಕಿದ್ದು ಅಲ್ಲಿಗೇ ಮುಗಿಯಿತು.

ಈಚೆಯ ಠಾಣೆಯಲ್ಲಿ ಕೋವಿಯ ಮೇಲಿನ ಸಂಖ್ಯೆಯನ್ನು ಲೈಸೆನ್ಸಿಗೆ ತಾಳೆ ನೋಡಿ ಬಿಟ್ಟರು. ಆಚೆಯ ಠಾಣೆಯಲ್ಲಿ ಕನ್ನಡಕದ ಅಧಿಕಾರಿಣಿಯೊಬ್ಬಳು ಚೀಲ ಬಿಚ್ಚಿಸಿ, ಯಜಮಾನರು ಕಳುಹಿಸಿದ್ದ ಪರವಾನಗಿಯನ್ನು ಎರಡು ಸಲ ಓದಿದಳು.

"ಕೋವಿಗೆ ಪರವಾನಗಿ ಇದೆ. ತೋಟೆಗೆ ಎಲ್ಲಿ?"

"ಎರಡೂ ಒಂದೇ ಅಲ್ವಾ ಮೇಡಂ?"

"ನಿಮ್ಮಲ್ಲಿ ಒಂದೇ ಇರಬಹುದು, ನಮ್ಮಲ್ಲಿ ಬೇರೆ. ನಿಮ್ಮ ಯಜಮಾನರು ಊರಿನ ಕಚೇರಿಲಿ ಅರ್ಜಿ ಹಾಕಿ ತಗೊಳ್ಳಲಿ. ಅಲ್ಲೀವರೆಗೂ ತೋಟೆ ಇಲ್ಲೇ ಇರುತ್ತೆ. ಆ ಪರವಾನಗಿ ಇಲ್ಲದೆ ಹೊಸ ತೋಟೆ ಅಂಗಡೀಲಿ ಕೊಂಡುಕೊಳ್ಳೋಕೂ ಆಗಲ್ಲ."

"ಬರೀ ಕೋವಿ ಇಟ್ಕೊಂಡು ನಾನೇನು ಮಾಡ್ಲಿ?"

"ಬೇಡ ಅಂದ್ರೆ ಎರಡನ್ನೂ ತಗೊಂಡು ವಾಪಸ್ ಹೋಗಬಹುದು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ದಿನವೂ ಹತ್ತಾರು ಜನಕ್ಕೆ ಹೇಳಿ ಹೇಳಿ ಉಪ್ಪು ಖಾರ ಎರಡೂ ಹೋದ ಮಾತು ಅದು.

ಹಿಂದೆ ಸಾಲು ಬೆಳೆದಿತ್ತು. ಚಾಲಕ ಹಾರ್ನ್ ಒತ್ತುತ್ತಿದ್ದ. ಒಂದು ವಾರದ ಮಾತು ತಾನೆ ಎಂದುಕೊಂಡು ಜೋಡುನಳಿಗೆ ತೋಟೆಯ ಡಬ್ಬಿಯನ್ನು ಅವಳ ಮೇಜಿನ ಮೇಲಿಟ್ಟು ಬಸ್ಸು ಹತ್ತಿದ.

ಹೊಸ ಅಂಗಡಿ ಕನ್ನಡಿಯಂತೆ ಹೊಳೆಯುತ್ತಿತ್ತು. ಎದುರಿಗೆ ಔಷಧಿ ಅಂಗಡಿ, ಪಕ್ಕದಲ್ಲಿ ಬೀಗದ ಕೈ ಮಾಡುವವನ ಗೂಡು. ಬಾಗಿಲ ಬಳಿ ಅವನಿಗೊಂದು ಎತ್ತರದ ಸ್ಟೂಲು. ಮೊದಲ ದಿನವೇ ಅವನು ವಿಷಯ ತಿಳಿಸಿದ. "ಆಯ್ತು, ಈ ವಾರ ನೋಡೋಣ" ಎಂದರು ಯಜಮಾನರು. ಮುಂದಿನ ವಾರವೂ ಅದೇ ಮಾತು. ಅರ್ಜಿ ಹಾಕಿದರೆ ಅಂಗಡಿಯನ್ನು ನೋಡಲು ಅಧಿಕಾರಿಗಳು ಬರುತ್ತಾರೆ, ಹಿಂಬಾಗಿಲಿಗೆ ಕಬ್ಬಿಣದ ಗೇಟು ಎಲ್ಲಿ, ಕ್ಯಾಮೆರಾ ಎಲ್ಲಿ ಎಂದು ಕೇಳುತ್ತಾರೆ, ಯಜಮಾನರಿಗೆ ಅದೆಲ್ಲ ಬೇಡವಾಗಿತ್ತು ಎಂಬುದು ಅವನಿಗೆ ಅರ್ಥವಾಗುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು.

"ನೋಡೋರಿಗೆ ನಳಿಗೆ ಕಾಣುತ್ತೆ. ಒಳಗೆ ಏನಿದೆ ಅಂತ ಕಾಣುತ್ತಾ?" ಎಂದು ಒಂದು ದಿನ ಯಜಮಾನರು ಅವನ ಬೆನ್ನು ತಟ್ಟಿದರು. "ನಿನ್ನ ಮೀಸೆಗೇ ಕಳ್ಳರು ಓಡಿಹೋಗ್ತಾರೆ. ನಾನು ನೀನು ಬಿಟ್ಟು ಮೂರನೆಯವರಿಗೆ ಗೊತ್ತಾಗಬಾರದು, ಅಷ್ಟೆ."

ಮೂರನೆಯವಳಾಗಿ ಹೆಂಡತಿಗೆ ಗೊತ್ತಾಯಿತು. ಫೋನಿನಲ್ಲಿ ಅವನೇ ಹೇಳಿಬಿಟ್ಟಿದ್ದ. "ಹಾಗಾದ್ರೆ ನೀವು ಕೋಲು ಹಿಡ್ಕೊಂಡು ನಿಂತಿದೀರಾ. ಕೋಲಾದ್ರೆ ಅದು ಕೋಲು ಅಂತ ಜನಕ್ಕೆ ಗೊತ್ತಿರುತ್ತೆ. ಇದು ಸರಿಯಲ್ಲ ರೀ. ಬಂದುಬಿಡಿ" ಎಂದಳು. ಬಂದು ಏನು ಮಾಡಲಿ ಎಂದು ಅವನು ಕೇಳಿದ.

ಅಂದಿನಿಂದ ಅವನು, ಬಾಗಿಲು ತೆರೆದು ಯಾರೇ ಒಳಗೆ ಬಂದರೂ ಮೊದಲು ಅವರ ಕೈ ನೋಡುತ್ತಿದ್ದ. ಮೊದಲೆಲ್ಲ ಸುಮ್ಮನೆ ತೂಗುಬಿಡುತ್ತಿದ್ದ ಕೋವಿಯನ್ನು ಈಗ ಎದೆಗೆ ಅಡ್ಡವಾಗಿ ಹಿಡಿದು ನಿಲ್ಲುತ್ತಿದ್ದ. ಬಡಪಾಯಿಗೇ ಗತ್ತು ಹೆಚ್ಚು ಬೇಕಾಗುತ್ತದೆ. ಮೀಸೆಯನ್ನೂ ಇನ್ನಷ್ಟು ಹುರಿಗೊಳಿಸಿದ. ಗಿರಾಕಿಗಳ ಮಕ್ಕಳು ಅವನನ್ನು ಕಂಡು ಅಮ್ಮಂದಿರ ಹಿಂದೆ ಅಡಗುತ್ತಿದ್ದರು. ಯಜಮಾನರಿಗೆ ಅದೇ ಖುಷಿ.

ಅವನಿಗೆ ಎಲ್ಲಕ್ಕಿಂತ ಕಷ್ಟವಾಗುತ್ತಿದ್ದುದು ತೂಕದ ಹುಡುಗಿಯಿಂದ. ಸಣ್ಣ ಒಡವೆಗಳನ್ನು ಚಿಮಟದಲ್ಲಿ ಎತ್ತಿ ತಕ್ಕಡಿಗಿಡುವುದು ಅವಳ ಕೆಲಸ. ಅವಳ ಬೆರಳುಗಳು ಎಷ್ಟು ಹಗುರವೆಂದರೆ ಉಸಿರಿಗೂ ಅಲ್ಲಾಡುವ ಮುಳ್ಳು ಅವಳು ಮುಟ್ಟಿದರೆ ಅಲ್ಲಾಡುತ್ತಿರಲಿಲ್ಲ. ಅವನನ್ನು ಮಾಮ ಎನ್ನುತ್ತಿದ್ದಳು. ಮಧ್ಯಾಹ್ನ ತನ್ನ ಊಟದ ಡಬ್ಬಿಯ ಮುಚ್ಚಳದಲ್ಲಿ ಅವನಿಗೊಂದು ಪಾಲು ಹಾಕಿಕೊಟ್ಟು, "ತಿನ್ನಿ ಮಾಮ, ಕಾಲು ಇನ್ನೂ ಸಣ್ಣ ಆದ್ರೆ ಗಾಳಿಗೆ ಹಾರಿಹೋಗ್ತೀರಾ" ಎಂದು ಛೇಡಿಸುತ್ತಿದ್ದಳು. ಬೆಳಗ್ಗೆ ಅವಳನ್ನು ಬಿಡಲು ಬರುತ್ತಿದ್ದ ತಾಯಿ ಬಾಗಿಲಲ್ಲೇ ನಿಂತು, "ಮೊದಲು ಈ ಕೆಲಸಕ್ಕೆ ಕಳಿಸೋಕೆ ಭಯ ಇತ್ತು ಅಣ್ಣ. ನೀವಿದೀರಾ ಅಂತ ಧೈರ್ಯ" ಎನ್ನುತ್ತಿದ್ದಳು. ಜೋಡುನಳಿಗೆ ಹೂಂ ಎಂದು ಬೀದಿಯ ಕಡೆ ನೋಡುತ್ತಿದ್ದ. ಹೇಳಿದರೆ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಮನಸ್ಸಿಗೆ ಕುತ್ತು.

ಒಂದು ಸುಡುಬಿಸಿಲಿನ ಮಧ್ಯಾಹ್ನ ಬೀದಿ ಖಾಲಿಯಾಗಿತ್ತು. ಯಜಮಾನರು ಊಟಕ್ಕೆ ಹೋಗಿದ್ದರು. ಚೆನ್ನಾಗಿ ಬಟ್ಟೆ ತೊಟ್ಟ ಇಬ್ಬರು ಬಂದು ಉಂಗುರ ತೋರಿಸಲು ಕೇಳಿದರು. ಹುಡುಗಿ ತಟ್ಟೆಯನ್ನು ಹೊರತೆಗೆದಳು. ಒಬ್ಬ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಇನ್ನೊಬ್ಬನ ಕೋಟಿನಿಂದ ಉದ್ದನೆಯ ಚೂರಿ ಹೊರಬಂತು.

ಜೋಡುನಳಿಗೆ ಕೋವಿ ಎತ್ತಿ ಗುರಿ ಹಿಡಿದ. "ಕೆಳಗೆ ಹಾಕು" ಎಂದ. ಧ್ವನಿ ಗಟ್ಟಿಯಾಗಿಯೇ ಬಂತು. ಚೂರಿಯವನ ಕೈ ನಿಂತಿತು. ಆ ಕ್ಷಣ ಕಳ್ಳ ಹೆದರಿದ್ದು ನಿಜ. ಬಾಗಿಲಿಗೆ ಬೆನ್ನು ಕೊಟ್ಟವನು ಆಗಲೇ ಓಡಲು ಹಿಡಿಕೆಗೆ ಕೈ ಹಾಕಿದ್ದ.

ಇಂಥದ್ದೇನಾದರೂ ಆದರೆ ತಟ್ಟೆ ಕೊಟ್ಟು ಸುಮ್ಮನಿರಬೇಕೆಂದು ಹುಡುಗಿಗೆ ಮೊದಲೇ ಹೇಳಿಕೊಟ್ಟಿದ್ದರು. ಆದರೆ ಅವಳು ತಟ್ಟೆಯನ್ನು ಎದೆಗವಚಿಕೊಂಡಳು. ಬಾಗಿಲಲ್ಲಿ ಮಾಮ ಇದ್ದನಲ್ಲ.

"ಹೊಡೀರಿ ಮಾಮ" ಎಂದಳು.

ಅವನು ಹೊಡೆಯಲಿಲ್ಲ. ಚೂರಿಯವನು ಅವನ ಮುಖವನ್ನು ನೋಡಿದ, ಬೆರಳನ್ನು ನೋಡಿದ, ಮತ್ತೆ ಮುಖವನ್ನು ನೋಡಿದ. ಏನು ಕಂಡಿತೋ, ತಿರುಗಿ ತಟ್ಟೆಗೆ ಕೈ ಹಾಕಿದ. ಹುಡುಗಿ ಬಿಡಲಿಲ್ಲ. ಅವನು ಅವಳ ಮುಂಗೈ ಮೇಲೆ ಚೂರಿ ಬೀಸಿದ.

ಆಮೇಲೆ ಜೋಡುನಳಿಗೆ ನಳಿಗೆಯನ್ನು ಹಿಡಿದು ಕೋವಿಯನ್ನು ದೊಣ್ಣೆಯ ಹಾಗೆ ಬೀಸಿದ. ಏಟು ಚೂರಿಯವನ ಭುಜಕ್ಕೆ ಬಿತ್ತು. ಇಬ್ಬರೂ ಬರಿಗೈಯಲ್ಲಿ ಓಡಿದರು. ನೆಲದ ತುಂಬ ಉಂಗುರಗಳು, ಅವುಗಳ ನಡುವೆ ರಕ್ತ. ಔಷಧಿ ಅಂಗಡಿಯವನು ಓಡಿಬಂದು ಅವಳ ಕೈಗೆ ಬಟ್ಟೆ ಸುತ್ತುತ್ತಿದ್ದಾಗಲೂ ಅವಳು ಜೋಡುನಳಿಗೆಯನ್ನೇ ನೋಡುತ್ತಿದ್ದಳು. ನೋವಿನಿಂದಲ್ಲ, ಅರ್ಥವಾಗದವಳ ಹಾಗೆ.

ಸಂಜೆಯ ಹೊತ್ತಿಗೆ ಕಥೆಯೇ ಬೇರೆಯಾಗಿತ್ತು. ಬಾಗಿಲಾಚೆ ಜನ ಓಡಾಡುತ್ತಿದ್ದರು, ಯಾರಿಗಾದರೂ ತಗುಲೀತೆಂದು ಕಾವಲಿನವನು ಬೇಕೆಂದೇ ಗುಂಡು ಹಾರಿಸಲಿಲ್ಲ ಎಂದು ಯಜಮಾನರು ಪೊಲೀಸರಿಗೂ ನೆರೆಯವರಿಗೂ ಹೇಳಿದರು. ಕೋವಿ ಖಾಲಿ ಇರುವುದನ್ನು ಪೊಲೀಸರು ನೋಡಿದಾಗ, ಗಲಾಟೆ ಮುಗಿದ ಮೇಲೆ ತಾನೇ ತೋಟೆ ತೆಗೆಸಿದೆನೆಂದರು. ನೆರೆಯವರು ಬಂದು ಅವನ ಕೈ ಕುಲುಕಿದರು. ಬೀಗದ ಕೈಯವನು, "ಎಂಥ ತಾಳ್ಮೆ ನಿನ್ನದು ಮಾರಾಯ" ಎಂದ. ಜೋಡುನಳಿಗೆಗೆ ಬಿಸಿತುಪ್ಪ ಬಾಯಲ್ಲಿತ್ತು.

ಆಸ್ಪತ್ರೆಯ ಓಣಿಯಲ್ಲಿ ಹುಡುಗಿಯ ತಾಯಿ ಅವನ ಎರಡೂ ಕೈ ಹಿಡಿದುಕೊಂಡಳು. "ನೀವಿಲ್ದಿದ್ರೆ ಮಗು ಉಳೀತಿರಲಿಲ್ಲ ಅಣ್ಣ." ಅಲ್ಲಿಗೆ ಅವನಿಗೆ ಸಾಕಾಯಿತು. ಕೈ ಬಿಡಿಸಿಕೊಂಡು ಒಳಗೆ ಹೋದ.

ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಕೈಗೆ ಮೊಣಕೈವರೆಗೂ ಪಟ್ಟಿ. ನರ ತುಂಡಾಗಿದೆ, ಎರಡು ಬೆರಳು ಮಡಚುವುದು ಅನುಮಾನ ಎಂದು ವೈದ್ಯರು ಹೇಳಿದ್ದರು.

"ಕೋವೀಲಿ ತೋಟೆ ಇರಲಿಲ್ಲ" ಎಂದ ಅವನು. "ಬಂದ ದಿನದಿಂದಲೂ ಇರಲಿಲ್ಲ. ಗಡೀಲಿ ಇಟ್ಕೊಂಡ್ರು. ಯಜಮಾನ್ರಿಗೂ ಗೊತ್ತು."

ಅವಳು ಪಟ್ಟಿ ಕಟ್ಟಿದ ಕೈಯನ್ನು ನೋಡಿಕೊಂಡಳು. ಪಕ್ಕದ ಹಾಸಿಗೆಯಲ್ಲಿ ಯಾರೋ ಚಮಚ ಕೆಡವಿದರು.

"ಗೊತ್ತಿದ್ದಿದ್ರೆ ತಟ್ಟೆ ಕೊಟ್ಟುಬಿಡ್ತಿದ್ದೆ ಮಾಮ" ಎಂದಳು.

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. ಗೋಡೆಯ ಕಡೆ ತಿರುಗಿಕೊಂಡಳು. ಅವನು ಬಾಗಿಲ ಬಳಿ ಸ್ವಲ್ಪ ಹೊತ್ತು ನಿಂತ. ಜೀವಮಾನವೆಲ್ಲ ಬಾಗಿಲಲ್ಲಿ ನಿಂತವನಿಗೆ ಆ ಬಾಗಿಲಲ್ಲಿ ಹೇಗೆ ನಿಲ್ಲಬೇಕೆಂದು ತಿಳಿಯಲಿಲ್ಲ.

ಮರುದಿನ ಅವನು ಪೊಲೀಸ್ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹುಡುಗಿಯ ಚಿಕಿತ್ಸೆಯ ಹೊಣೆ ಯಜಮಾನರ ಮೇಲೆ ಬಂತು, ಅಂಗಡಿಗೆ ಕೆಲಕಾಲ ಬೀಗ ಬಿತ್ತು. "ಉಂಡ ಮನೆಗೆ ಎರಡು ಬಗೆದೆ" ಎಂದು ಯಜಮಾನರು ಅವನನ್ನು ಕೆಲಸದಿಂದ ತೆಗೆದರು. "ಆ ಹುಡುಗೀನೂ ನಿಮ್ಮಲ್ಲಿ ಉಂಡವಳೇ ಅಲ್ವಾ ಸ್ವಾಮಿ" ಎಂದು ಅವನು ಗಂಟು ಕಟ್ಟಿದ. ತನಿಖೆಗೆಂದು ಇಟ್ಟುಕೊಂಡಿದ್ದ ಕೋವಿಯನ್ನು ಪೊಲೀಸರು ಅವನ ಕೈಗೆ ಮರಳಿಸಿದರು.

ಗಡಿಯಲ್ಲಿ ಈ ಸಲ ಬೇರೊಬ್ಬ ಅಧಿಕಾರಿ ಇದ್ದ. ಚಿಕ್ಕ ವಯಸ್ಸಿನವನು, ಮೃದು ಮಾತಿನವನು. ಪರವಾನಗಿ ಯಜಮಾನರ ಹೆಸರಿನಲ್ಲಿದೆ, ಕೆಲಸ ಹೋದ ಮೇಲೆ ಅದಕ್ಕೆ ಬೆಲೆಯಿಲ್ಲ, ಕೋವಿಯನ್ನು ದಾಟಿಸಲು ಯಜಮಾನರ ಒಪ್ಪಿಗೆ ಬೇಕು, ಇಲ್ಲವಾದರೆ ನ್ಯಾಯಾಲಯಕ್ಕೆ ಹೋಗಬೇಕು ಎಂದು ಬಿಡಿಸಿ ಹೇಳಿದ. ಕೆಲವು ತಿಂಗಳು ಹಿಡಿಯಬಹುದು, ಆದರೆ ಸಿಕ್ಕೇ ಸಿಗುತ್ತದೆ ಎಂದ.

"ಬೇಡ ಅಂದ್ರೆ?"

"ಕೋವಿ, ಇಲ್ಲಿರೋ ತೋಟೆ, ಎರಡನ್ನೂ ಬಿಟ್ಟುಕೊಟ್ಟೆ ಅಂತ ಸಹಿ ಮಾಡ್ಬೇಕು. ಆಮೇಲೆ ಕೋವೀನ ತುಂಡು ಮಾಡ್ತೀವಿ. ಯೋಚನೆ ಮಾಡಿ ಹಿರಿಯರೆ. ಇಷ್ಟು ಚೆನ್ನಾಗಿ ನೋಡ್ಕೊಂಡಿರೋ ಕೋವಿ ನಾನು ನೋಡಿಲ್ಲ."

ಅವನು ಸಹಿ ಮಾಡಿದ. ಆದರೆ ಚೀಲವನ್ನೂ ಕೊಡಬೇಕೇ ಎಂದು ಎರಡು ಸಲ ಕೇಳಿದ. ಬೇಡ ಎಂದ ಅಧಿಕಾರಿ. ಖಾಲಿ ಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಎರಡು ಠಾಣೆಗಳ ನಡುವಿನ ರಸ್ತೆಯಲ್ಲಿ ನಡೆದ. ಒಂದು ಭುಜ ಇನ್ನೊಂದಕ್ಕಿಂತ ತಗ್ಗಿತ್ತು. ವರ್ಷಗಟ್ಟಲೆ ಹೊತ್ತ ಭಾರಕ್ಕೆ ಹಾಗೆ ಇಳಿದದ್ದು ಭಾರ ಹೋದರೂ ಮೇಲೇಳಲಿಲ್ಲ.

ಈಗ ಅವನು ಊರಿನ ಗ್ರಂಥಾಲಯದ ಹೊರಗೆ ಸೈಕಲ್ಲು, ಸ್ಕೂಟರುಗಳನ್ನು ಕಾಯುತ್ತಾನೆ. ಕೈಯಲ್ಲಿ ಒಂದು ಸೀಟಿ ಮಾತ್ರ. ಸವತಿಯ ಮಾತನ್ನು ಹೆಂಡತಿ ಒಂದು ಸಲವೂ ಎತ್ತಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ ಅವನ ಮುಖ ನೋಡದೆ ಬೇರೆ ಕಡೆ ತಿರುಗುತ್ತಾಳೆ.

ಆಗೀಗ ಅವನು ಗಡಿಯಾಚೆಗೆ ಫೋನು ಮಾಡುತ್ತಾನೆ. ಕೆಲವು ಸಲ ಹುಡುಗಿ ಎತ್ತುವುದಿಲ್ಲ. ಎತ್ತಿದರೆ ಮಾತು ಹೆಚ್ಚು ಬೆಳೆಯುವುದಿಲ್ಲ.

"ಕೈ ಹೇಗಿದೆಯಮ್ಮ?"

"ಹಾಗೇ ಇದೆ ಮಾಮ."

ಎಡಗೈಯಲ್ಲಿ ಬರೆಯಲು ಕಲಿಯುತ್ತಿದ್ದಾಳಂತೆ. ಅವಳ ತಾಯಿ ಮಾತ್ರ ಇನ್ನೂ ಫೋನಿಗೆ ಬಂದಿಲ್ಲ. ಅವಳನ್ನು ಕರೆ ಎಂದು ಹೇಳುವ ಧೈರ್ಯ ಅವನಿಗೂ ಬಂದಿಲ್ಲ.