ಕುಬಸದ ದಿನ ತಪ್ಪಿದ ಸೂಜಿ

ಅವ್ವ ಇಲ್ಲದ್ದರಿಂದ ತಂಗಿ ಬಾಣಂತನಕ್ಕೆ ಕೋಥರೂಡ ಬಡಾವಣೆಯ ನಮ್ಮ ಮನೆಗೇ ಬಂದಳು. ಆಕೆಗೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಅಪಾಯವಿದೆ ಎಂದು ಡಾಕ್ಟರು ವಾರಕ್ಕೊಂದು ಸೂಜಿ ಹೇಳಿದ್ದರು. ಗರ್ಭಚೀಲವನ್ನು ಸುಮ್ಮನಿರಿಸುವ ಹಾರ್ಮೋನು ಮೈಯಲ್ಲೇ ಇರುತ್ತದಂತೆ. ಅದರ ಹಿಡಿತ ಸಡಿಲಾದಾಗ ನೋವು ಏಳುತ್ತದಂತೆ. ಆ ಹಿಡಿತಕ್ಕೆ ಸೂಜಿ ಆಸರೆ. ಏಳನೆಯ ಇಯತ್ತೆಯವರೆಗೆ ಕಲಿತ ನನಗೂ ಅಷ್ಟು ಅರ್ಥವಾಯಿತು.

ನನ್ನ ಕೂಸು ಆರು ತಿಂಗಳಿಗೇ ಹುಟ್ಟಿ, ಅಳದೇ ಹೋಗಿತ್ತು. ನನಗೆ ಯಾರೂ ಇಂಥ ಸೂಜಿ ಕೊಟ್ಟಿರಲಿಲ್ಲ. ಬಸುರಿಗೆ ಮಾಡುವ ಕುಬಸಕ್ಕೆಂದು ತಂದ ಹಸಿರು ಸೀರೆಯನ್ನು ಉಡಲೇ ಇಲ್ಲ.

ತಂಗಿಯ ಕುಬಸವನ್ನು ಏಳನೆಯ ತಿಂಗಳಲ್ಲಿ ನಾನೇ ಮಾಡಿದೆ. ಅಂದೇ ಸೂಜಿಯ ದಿನ. ಹಸಿರು ಬಳೆ ತೊಟ್ಟು ಕುಳಿತ ಆಕೆಗೆ ನೆಂಟರು ಆರತಿ ಎತ್ತಿದರು. "ಮಾರಿ ಮ್ಯಾಲೆ ಏನ್ ಕಳೆ ಬಂದದ ನೋಡ್ರಿ! ಅಕ್ಕನ ಕಣ್ಣೇ ಬಿದ್ದೀತು" ಎಂದು ಒಬ್ಬಾಕೆ ನಕ್ಕಳು. ನಾನೂ ನಕ್ಕೆ. ನಾನು ಉಡದ ಹಸಿರು ಸೀರೆ ನೆನಪಾಯಿತು.

ಸಂಜೆ ತಂಗಿ ಚಪ್ಪಲಿ ಮೆಟ್ಟಿದಳು. "ಅಕ್ಕಾ, ದವಾಖಾನಿ ಮುಚ್ಚತಾರ, ನಡಿ."

"ಕುಬಸದ ದಿನ ಸೂಜಿ ಮಾಡಿಸಬಾರದು. ಅವ್ವ ಹೇಳತಿದ್ದಳು."

"ನನಗೆಂದೂ ಹೇಳಿಲ್ಲಲ್ಲ?"

"ನೀ ಆವಾಗ ಸಣ್ಣಾಕಿ ಇದ್ದಿ."

ಅವ್ವ ಅಂಥ ಮಾತು ಹೇಳಿರಲೇ ಇಲ್ಲ. ಮರುದಿನವಾದರೂ ಕರೆದೊಯ್ಯಬಹುದಿತ್ತು, ನೆಂಟರಿದ್ದಾರೆ, ಅಡುಗೆಯಿದೆ, ನಾಳೆ ಹೋಗೋಣ ಎಂದು ಮುಂದೂಡುತ್ತ ಹೋದೆ. ಕೂಸಿಗೆ ಕೆಡುಕಾಗಲಿ ಎಂದಲ್ಲ. ಆಕೆಗೂ ಒಮ್ಮೆ ನನ್ನಂತೆ ಹೆದರಿಕೆಯಾಗಲಿ ಎಂದು.

ಆ ವಾರದೊಳಗೇ ನೋವು ಬಂತು. ಹುಟ್ಟಿದ ಹೆಣ್ಣು ಕೂಸನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಸೂಜಿ ತಪ್ಪಿದ್ದಕ್ಕೇ ಹೀಗಾಯಿತು ಎನ್ನಲಾಗದು, ಹಾಕಿಸಿದರೂ ಕೆಲವರಿಗೆ ನಿಲ್ಲುವುದಿಲ್ಲ ಎಂದರು ಡಾಕ್ಟರು. ಆ ಮಾತಿನ ಹಿಂದೆ ಅಡಗಿಕೊಂಡು ಕೆಲವು ದಿನ ಕಳೆದೆ.

ತಂಗಿಗೆ ಜ್ವರವಿತ್ತು. ಕೂಸನ್ನು ಎದೆಗೊತ್ತಿಕೊಂಡು ಬೆಚ್ಚಗಿಡಲು ನರ್ಸು ನನ್ನನ್ನು ಕರೆದಳು. ಕೂಸು ನನ್ನ ಎದೆಯ ಮೇಲೆ ಮಲಗಿ ಉಸಿರಾಡಿತು. ಆಗಲೂ ಮೊದಲು ಎದ್ದದ್ದು ಹೊಟ್ಟೆಕಿಚ್ಚೇ: ನನ್ನದು ಒಮ್ಮೆಯೂ ಹೀಗೆ ಉಸಿರಾಡಲಿಲ್ಲವಲ್ಲ. ನನ್ನ ಬಗ್ಗೆ ನನಗೇ ಭಯವಾಯಿತು. ಕೂಸನ್ನು ನರ್ಸಿಗೆ ಕೊಟ್ಟು, ತಂಗಿಯ ಮಂಚದ ಬಳಿ ಹೋಗಿ ಎಲ್ಲವನ್ನೂ ಹೇಳಿದೆ.

ಆಕೆ ಗೋಡೆಯತ್ತ ಹೊರಳಿದಳು.

"ನೀ ಬರೂದಿಲ್ಲ ಅಂದಿದ್ರ ನಾ ಒಬ್ಬಾಕಿನೇ ಹೋಗತಿದ್ದೆ. ಅವ್ವನ ಹೆಸರು ಯಾಕ ತಗೊಂಡಿ?"

ನಾನು ಹೊದಿಕೆ ಸರಿಮಾಡಲು ಹೋದರೆ ಆಕೆ ತಾನೇ ಎಳೆದುಕೊಂಡಳು.

"ಜ್ವರ ಇಳೀಲಿ, ಕೂಸನ್ನ ನಾನೇ ಎದಿಗೆ ಹಾಕ್ಕೋತೀನಿ. ನೀ ಊಟದ ಡಬ್ಬಿ ಅಷ್ಟ ತಂದುಕೊಡು."

ದಿನವೂ ಡಬ್ಬಿಯನ್ನು ವಾರ್ಡಿನ ಬಾಗಿಲಲ್ಲೇ ಕೊಟ್ಟು ಬರುತ್ತೇನೆ. ಕೂಸಿನ ತೂಕ ಏರುತ್ತಿದೆ ಎಂಬುದು ನರ್ಸು ಹೇಳಿದ್ದರಿಂದ ಗೊತ್ತು.