ಅಪ್ಪನ ಶಾಲೆ ಬಿಟ್ಟ ದಾಖಲೆ

ಸೊಲ್ಲಾಪುರದ ಕಾಲೇಜೊಂದರ ಕಚೇರಿಯಲ್ಲಿ ಪ್ರವೇಶದ ಕೆಲಸ ನೋಡಿಕೊಂಡೇ ನನ್ನ ನೌಕರಿ ಮುಗಿಯಿತು. ನಿವೃತ್ತಳಾಗಿ ಮಹಾರಾಷ್ಟ್ರದ ಗಡಿಯಲ್ಲಿನ ಅಕ್ಕಲಕೋಟೆಯ ಮನೆಗೆ ಬಂದ ಮೇಲೂ, ಜೂನ್ ಬಂತೆಂದರೆ ಬೆಳಿಗ್ಗೆ ಎಂಟರಿಂದ ಹತ್ತರವರೆಗೆ ಪಡಸಾಲೆಯಲ್ಲಿ ಮೇಜು ಹಾಕಿಕೊಂಡು ಕೂರುತ್ತೇನೆ. ಯಾವ ಕೋರ್ಸಿಗೆ ಯಾವ ಅರ್ಜಿ, ಶಿಷ್ಯವೇತನಕ್ಕೆ ಯಾವ ಕಾಗದ, ಹಾಸ್ಟೆಲಿಗೆ ಯಾವಾಗ ಬರೆಯಬೇಕು ಎಂದು ಕೇಳಿಕೊಂಡು ಸುತ್ತಲಿನ ಹಳ್ಳಿಗಳ ಮಕ್ಕಳು ಬರುತ್ತಾರೆ. ನನ್ನದು ಒಂದೇ ಷರತ್ತು. ಓದುವವರೇ ಬರಬೇಕು. ಅಪ್ಪನೊಬ್ಬನೇ ಬಂದು ಮಗನ ಪರವಾಗಿ ಮಾತಾಡತೊಡಗಿದರೆ, ನಾಳೆ ಮಗನನ್ನು ಕರೆದುಕೊಂಡು ಬನ್ನಿ ಎಂದು ಕಳಿಸಿಬಿಡುತ್ತೇನೆ.

ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ತಂದೆಯ ಜೊತೆ ಬಂದಳು. ಅವರದು ನಮ್ಮದೇ ತಾಲ್ಲೂಕಿನ ಹಳ್ಳಿ. ತಂದೆ ದಿನಾ ಬಸ್ಸಿನಲ್ಲಿ ಅಕ್ಕಲಕೋಟೆಗೆ ಬಂದು ಅರಿವೆ ಅಂಗಡಿಯಲ್ಲಿ ಕೆಲಸ ಮಾಡುವವನು. ಹುಡುಗಿಗೆ ಸೊಲ್ಲಾಪುರದಲ್ಲಿ ಬಿ. ಫಾರ್ಮಸಿ ಓದಬೇಕಿತ್ತು. ಪ್ರವೇಶ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದಿದ್ದಳು.

ಕಾಗದಗಳನ್ನು ಒಂದೊಂದಾಗಿ ನೋಡಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮಲ್ಲಿ ನಡೆದು ಬಂದದ್ದು. ಅವಳ ತಾಯಿಯ ತವರು ಭೀಮಾ ನದಿಯ ಆಚೆ, ಇಂಡಿ ತಾಲ್ಲೂಕಿನಲ್ಲಿ. ಹಾಗಾಗಿ ಹುಡುಗಿಯ ಜನನ ಕರ್ನಾಟಕದಲ್ಲಿ ದಾಖಲಾಗಿತ್ತು. ಊರಿನ ಕನ್ನಡ ಶಾಲೆ ಏಳನೆಯ ತರಗತಿಗೆ ಮುಗಿದಿದ್ದರಿಂದ ಎಂಟರಿಂದ ಹನ್ನೆರಡರವರೆಗೆ ಅಜ್ಜಿಯ ಮನೆಯಲ್ಲಿದ್ದು ಓದಿದ್ದಳು. ಕಾಗದದ ಮೇಲೆ ಅವಳು ಪೂರ್ತಿ ಆಚೆಯವಳು.

"ನೀ ಹೊರರಾಜ್ಯದಾಕಿ ಆಗ್ತಿ ಅವ್ವಿ. ಇಲ್ಲಿ ಸೀಟ್ ಸಿಗೂದು ಕಷ್ಟ. ಆ ಕಡಿನ ನೋಡ್ರಿ," ಎಂದು ಎರಡೇ ನಿಮಿಷದಲ್ಲಿ ಹೇಳಿ ಕಳಿಸಿದೆ. ಮುಂದಿನವರನ್ನು ಕರೆದೆ.

ನಾಲ್ಕನೆಯ ದಿನ ಇಬ್ಬರೂ ಮತ್ತೆ ಬಂದರು. ತಂದೆ ಕೂರಲೂ ಇಲ್ಲ.

"ಅಕ್ಕಾರ, ಆ ಕಡಿಯವ್ರು ಏಳು ವರ್ಷ ಅಲ್ಲೇ ಓದಿರಬೇಕು ಅಂತಾರ. ಈಕಿದು ಐದ ಆಗೈತಿ. ಅವರು ಈ ಕಡಿ ಹೋಗ್ರಿ ಅಂತಾರ, ನೀವು ಆ ಕಡಿ ಹೋಗ್ರಿ ಅಂತೀರಿ. ನಡುವ ಭೀಮಾ ಐತಿ. ಹೊಳ್ಯಾಗ ಏನರ ಕಾಲೇಜ್ ತಗದಾರೇನ್ರಿ?"

ಸರದಿಯಲ್ಲಿದ್ದ ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಕಪಾಟಿನಿಂದ ಆ ವರ್ಷದ ಪ್ರವೇಶ ಪುಸ್ತಿಕೆ ತೆಗೆದು, ಅವರನ್ನು ಕೂರಿಸಿಕೊಂಡೇ ಮೊದಲ ಪುಟದಿಂದ ಓದಿದೆ. ನಾನು ಹೇಳಿದ್ದು ವೈದ್ಯಕೀಯ ಪ್ರವೇಶದ ನಿಯಮ. ನೌಕರಿಯಲ್ಲಿದ್ದಾಗಿನಿಂದ ತಲೆಯಲ್ಲಿ ಕೂತಿದ್ದು. ಫಾರ್ಮಸಿಗೆ ಬೇರೆ ಸಾಲೇ ಇತ್ತು. ಹೊರಗೆ ಓದಿದ್ದರೂ, ತಂದೆ ಅಥವಾ ತಾಯಿ ಮಹಾರಾಷ್ಟ್ರದ ಕಾಯಂ ನಿವಾಸಿ ಎಂಬ ಪ್ರಮಾಣಪತ್ರ ಕೊಟ್ಟರೆ ಇಲ್ಲಿಯವಳೆಂದೇ ಲೆಕ್ಕ. ಶುಲ್ಕದ ರಿಯಾಯಿತಿಗೂ ಅದೇ ದಾರಿ.

"ತಪ್ಪು ನಂದ," ಎಂದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅಂದಿನಿಂದ ಯಾರಿಗೇ ಆಗಲಿ, ಪುಸ್ತಿಕೆ ತೆರೆಯದೆ ಇಲ್ಲ ಎಂದಿಲ್ಲ.

"ಇನ್ನ ಎಷ್ಟು ದಿನ ಉಳದಾವ್ರಿ ಅಕ್ಕಾರ?" ಹುಡುಗಿ ಕೇಳಿದಳು.

"ಕಾಗದ ತಪಾಸಣಿಗೆ ಒಂಬತ್ತು ದಿನ. ಸಾಕು."

ತಾಯಿಯ ಹೆಸರು ಇಲ್ಲಿನ ರೇಷನ್ ಕಾರ್ಡಿಗೆ ಸೇರಿದ್ದು ಬಹಳ ತಡವಾಗಿ. ಆ ದಾರಿ ಉದ್ದ. ತಂದೆ ಇಲ್ಲಿಯೇ ಹುಟ್ಟಿದವನು. ಅವನ ಜನನ ಎಲ್ಲೂ ದಾಖಲಾಗಿರಲಿಲ್ಲ, ಆದರೆ ಅಕ್ಕಲಕೋಟೆಯ ಹೈಸ್ಕೂಲಿನಲ್ಲಿ ಓದಿದ್ದ. ಶಾಲೆ ಬಿಟ್ಟ ದಾಖಲೆಯಲ್ಲಿ ಹುಟ್ಟಿದ ಊರು ಇರುತ್ತದೆ. ಅದೊಂದು, ರೇಷನ್ ಕಾರ್ಡ್, ಊರಿನ ಕಂದಾಯ ನೋಡುವ ತಲಾಠಿಯಿಂದ ಇಲ್ಲಿಯೇ ವಾಸವೆಂಬ ರಹಿವಾಸಿ ಪತ್ರ, ಇಷ್ಟಾದರೆ ಮುಗಿಯಿತು ಎಂದು ಚೀಟಿ ಬರೆದುಕೊಟ್ಟೆ.

ಅಷ್ಟು ಹೊತ್ತು ಜೋರು ಮಾಡಿದ್ದ ಮನುಷ್ಯ ಚೀಟಿ ನೋಡಿ ತಣ್ಣಗಾದ. "ಹೋಗ್ಲಿ ಬಿಡ್ರಿ. ಇಲ್ಲೇ ಬಿ.ಎಸ್ಸಿ. ಮಾಡ್ತಾಳ. ಅದೇನ್ ಕಮ್ಮಿ ಐತಿ?"

ಹುಡುಗಿ ತಂದೆಯ ಮುಖವನ್ನೇ ನೋಡಿದಳು. ನಾನು ಅವಳನ್ನು ಝೆರಾಕ್ಸಿಗೆ ಕಳಿಸಿದೆ. ಅವಳು ಗೇಟು ದಾಟಿದ ಮೇಲೆ ಕೇಳಿದೆ, "ಏನಾತು?"

"ಅಕ್ಕಾರ, ನಾ ಎಂಟನೆತ್ತೆ ನಾಪಾಸ್. ಸಾಲಿ ಬಿಟ್ಟಾಂವ ಹೊಳ್ಳಿ ಆ ಕಡಿ ಹೋಗಿಲ್ಲ. ಕನ್ಯಾ ನೋಡಾಕ ಹೋದಾಗ ನಮ್ಮಪ್ಪ ಮ್ಯಾಟ್ರಿಕ್ ಅಂತ ಹೇಳಿದ. ಮಾಲಕರಿಗೂ ನಾ ಹಂಗ ಹೇಳೀನಿ. ಈಕಿಗಂತೂ, ನಂಗ ಹತ್ತನೆತ್ತೆ ಗಣಿತದಾಗ ಎಂಬತ್ತು ಬಿದ್ದಿದ್ದೂ, ನಿಂಗ್ಯಾಕ ಬೀಳಂಗಿಲ್ಲ ಅಂತ ಹೇಳಿ ಹೇಳೇ ಓದಸೀನಿ."

"ನೀವು ಹುಟ್ಟಿದ ಊರು ನೋಡ್ತಾರ. ಎಷ್ಟು ಓದೀರಿ ಅಂತ ಅಲ್ಲಿ ಯಾರೂ ಕೇಳಂಗಿಲ್ಲ."

"ಅವರು ಕೇಳಂಗಿಲ್ರಿ. ಮಗಳು ಓದತಾಳಲ್ರಿ."

ಸಮಾಧಾನ ಮಾಡುತ್ತ ಕೂತರೆ ದಿನ ಹೋಗುತ್ತದೆ. "ನಾಳೆ ಹನ್ನೊಂದಕ್ಕ ಸಾಲಿ ಆಫೀಸ್ ತಗೀತೈತಿ. ನಾ ಗೇಟಿನ್ಯಾಗ ನಿಂತಿರ್ತೀನಿ. ನೀವು ಬರ್ಲಿಲ್ಲಂದ್ರ ಆಕಿಗೆ ಕಾರಣ ನೀವ ಹೇಳಬೇಕು, ನಾ ಹೇಳಂಗಿಲ್ಲ," ಎಂದೆ.

ಮರುದಿನ ಹನ್ನೊಂದಾಯಿತು, ಹತ್ತು ನಿಮಿಷ ಮೇಲಾಯಿತು. ಹೊರಟುಬಿಡೋಣ ಎಂದುಕೊಳ್ಳುವಾಗ ಬಂದ. ಕೊರಳಲ್ಲಿ ಅಂಗಡಿಯ ಅಳತೆ ಟೇಪು ಹಾಗೆಯೇ ಇತ್ತು. ಗುಮಾಸ್ತರು ಹಳೆಯ ರಜಿಸ್ಟರ್ ಧೂಳು ಕೊಡವಿ ತೆರೆದರು.

"ಇಷ್ಟು ವರ್ಷ ಆದ ಮ್ಯಾಲ ಸಾಲಿ ನೆನಪಾತೇನ್ರಿ?"

"ಮಗಳು ನೆನಪ್ ಮಾಡ್ಯಾಳ್ರಿ."

ದಾಖಲೆ ಕೈಗೆ ಬಂದ ಕೂಡಲೇ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಕಿಸೆಗೆ ಹಾಕಿಕೊಂಡ. ತಲಾಠಿಯ ಬಳಿ, ಅರ್ಜಿ ತುಂಬುವ ಸೇತು ಕೇಂದ್ರದಲ್ಲಿ, ತಹಸೀಲ ಕಚೇರಿಯ ಸಾಲಿನಲ್ಲಿ, ಎಲ್ಲ ಕಡೆ ತಾನೇ ಹೋದ, ತಾನೇ ತೋರಿಸಿದ, ತಾನೇ ಮರಳಿ ಮಡಚಿಟ್ಟ. ಏಳನೆಯ ದಿನ ಪ್ರಮಾಣಪತ್ರ ಬಂತು. ಅದರಲ್ಲಿ ಓದಿನ ಮಾತೇ ಇರಲಿಲ್ಲ. ಮರುದಿನ ಸೊಲ್ಲಾಪುರದಲ್ಲಿ ತಪಾಸಣೆ ಮುಗಿಯಿತು. ಯಾದಿ ಬಂದಾಗ ಹುಡುಗಿಯ ಹೆಸರು ಅವಳು ಕೇಳಿದ ಕಾಲೇಜಿನಲ್ಲೇ ಇತ್ತು.

ಪ್ರವೇಶ ಸಿಕ್ಕಿತೆಂದು ಮಕ್ಕಳು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನಾನು ಬಿಡುವುದಿಲ್ಲ. ಶುಲ್ಕದ ರಿಯಾಯಿತಿ ಮತ್ತು ಹಾಸ್ಟೆಲ್ ಅರ್ಜಿಗೆ ಆ ವಾರವೇ ಇಬ್ಬರನ್ನೂ ಕರೆಸಿದೆ. ಮೊದಲಿನದನ್ನು ಮೊಬೈಲಿನಲ್ಲಿ ತುಂಬಿದೆವು. ಹಾಸ್ಟೆಲಿನದು ಪೆನ್ನಿನಲ್ಲಿ ಬರೆಯುವಂಥದ್ದು. ಹುಡುಗಿ ಸರಸರನೆ ಬರೆಯುತ್ತ ಬಂದು 'ಪಾಲಕರ ಶಿಕ್ಷಣ' ಎಂಬಲ್ಲಿಗೆ ತಲುಪಿದಳು.

"ಇದನ್ನೇನ್ ಕೇಳೂದು? ಅಪ್ಪಾಂದು ಮಾರ್ಕ್ಸ್ ಸೈತ ಬಾಯಿಪಾಠ ಐತಿ ನಂಗ."

ನಾನು ತಲೆ ಎತ್ತಲಿಲ್ಲ. ಹೇಳುವುದಾದರೆ ಅವನೇ ಹೇಳಬೇಕಿತ್ತು, ಹೇಳದೆ ಇದ್ದರೂ ಈಗ ಅವಳ ಸೀಟಿಗೆ ಏನೂ ಆಗುತ್ತಿರಲಿಲ್ಲ.

"ತಡಿ," ಎಂದ ತಂದೆ. ಒಳಕಿಸೆಯಿಂದ ಆ ಕಾಗದ ತೆಗೆದು, ಮಡಿಕೆ ಬಿಚ್ಚಿ, ಅರ್ಜಿಯ ಪಕ್ಕದಲ್ಲಿಟ್ಟ. "ಇದರಾಗ ಇದ್ದದ್ದ ಬರಿ."

ಅವಳು ಓದಿದಳು. ಇನ್ನೊಮ್ಮೆ ಓದಿದಳು.

"ದೀಪಾವಳಿ ಸೂಟ್ಯಾಗ ಬೀಜಗಣಿತ ಹೇಳಿಕೊಡ್ತಿದ್ದ್ಯಲ್ಲಪ್ಪಾ. ಅದು ಹ್ಯಾಂಗ?"

"ಹಿಂದಿನ ದಿನ ಅಂಗಡ್ಯಾಗ ಗಿರಾಕಿ ಇಲ್ದಾಗ ಕುಂತು ಕಲೀತಿದ್ದೆ. ಮಾಲಕರ ಮಗ ತಿಳಿಸಿ ಹೇಳ್ತಿದ್ದ."

"ಅದಕ್ಕ ನಡುನಡುವ ಚಾ ಕುಡದು ಬರ್ತೀನಂತ ಹೊರಗ ಹೋಗ್ತಿದ್ದಿ?"

"ಬರಕೊಂಡಿದ್ದ ಚೀಟಿ ನೋಡಿ ಬರಾಕ."

ಹುಡುಗಿ ತುಟಿ ಕಚ್ಚಿಕೊಂಡಳು. ಅದು ನಗುವೋ ಅಳುವೋ ನನಗೆ ತಿಳಿಯಲಿಲ್ಲ. ಆಮೇಲೆ ಪೆನ್ನು ಹಿಡಿದು ಸ್ಪಷ್ಟ ಅಕ್ಷರದಲ್ಲಿ ಎಂಟನೆಯ ತರಗತಿ ಎಂದು ಬರೆದು, ಕಾಗದವನ್ನು ತಂದೆಗೆ ಮರಳಿ ಕೊಡದೆ ತನ್ನ ಫೈಲಿನೊಳಗೆ ಇಟ್ಟುಕೊಂಡಳು.

"ಮುಂದಿನ ಕಾಲಮ್ ಏನ್ ಬರೀಬೇಕ್ರಿ ಅಕ್ಕಾರ?"